ಅನ್ನ ಮುಂದಿದ್ದರೂ ಉಣ್ಣಲಾಗದ ಕಾಯಿಲೆ: ಒಂದು ಹೆಸರಿನ ಕಥೆ

ನವಲಗುಂದ ಕಡೆ ಇರಲಿ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಇರಲಿ, ಯಾರ ಮನೆಯ ಕಟ್ಟೆ ಹತ್ತಿದರೂ ಮೊದಲು ಕೇಳುವ ಮಾತು ಒಂದೇ: "ಊಟ ಆತ್ರೀ?" ಇಲ್ಲ ಅಂದರೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಆಗಿದೆ ಅಂದರೂ ಚಹಾ ಕುಡಿಸದೆ, ಒಂದು ಹಿಡಿ ಚುರುಮರಿಯಾದರೂ ಕೊಡದೆ ಕಳಿಸುವುದಿಲ್ಲ. ಇಂಥ ಊರುಗಳಲ್ಲಿ, ಮನೆಯಲ್ಲಿ ಜೋಳ ಇದೆ, ಒಲೆ ಹೊತ್ತಿದೆ, ತಾಟು ಮುಂದಿದೆ, ಆದರೂ ಆ ಮನೆಯ ಮಗಳು ತಿಂಗಳುಗಟ್ಟಲೆ ಸರಿಯಾಗಿ ಉಣ್ಣುತ್ತಿಲ್ಲ ಅಂದರೆ ನಂಬುವುದು ಕಷ್ಟ.

ನಂಬದಿದ್ದಾಗ ನಾವು ಅದಕ್ಕೆ ನಮಗೆ ಗೊತ್ತಿರುವ ಹೆಸರು ಕೊಡುತ್ತೇವೆ. ಹಟ ಅನ್ನುತ್ತೇವೆ. ಕಣ್ಣು ಬಿದ್ದಿದೆ, ಗಾಳಿ ಸೋಕಿದೆ ಅನ್ನುತ್ತೇವೆ. ಕಾಮಣಿ ಇರಬೇಕು, ಜಂತು ಇರಬೇಕು ಅನ್ನುತ್ತೇವೆ. ಟಿ.ಬಿ. ಅಂತ ಕಫ ಪರೀಕ್ಷೆ ಮಾಡಿಸುತ್ತೇವೆ. ಹುಡುಗಿ ದೊಡ್ಡವಳಾಗಿದ್ದರೆ "ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ" ಅನ್ನುವವರೂ ಇದ್ದಾರೆ. ಕೆಲವೊಮ್ಮೆ ಇವುಗಳಲ್ಲಿ ಒಂದು ನಿಜವೂ ಇರಬಹುದು. ಕಾಮಣಿ, ಟಿ.ಬಿ. ಪರೀಕ್ಷೆ ಮಾಡಿಸುವುದು ಸರಿಯಾದ ಕೆಲಸವೇ. ಆದರೆ ಎಲ್ಲ ಪರೀಕ್ಷೆಯೂ ಸರಿಯಾಗಿದ್ದು, ಮಗು ಮಾತ್ರ ದಿನದಿಂದ ದಿನಕ್ಕೆ ಒಣಗುತ್ತಿದ್ದರೆ ಇನ್ನೊಂದು ಹೆಸರು ನೆನಪಿಗೆ ಬರಬೇಕು. ವೈದ್ಯರು ಅದನ್ನು ಅನೊರೆಕ್ಸಿಯಾ ನರ್ವೋಸಾ ಅನ್ನುತ್ತಾರೆ.

ಇದು ಮನಸ್ಸಿನ ಕಾಯಿಲೆ, ಆದರೆ ಕೊಲ್ಲುವುದು ದೇಹವನ್ನು. ಕಾಯಿಲೆ ಬಂದವರು ಊಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಎಲುಬು ಕಂಡರೂ ತಾವು ದಪ್ಪ ಅಂದುಕೊಳ್ಳುತ್ತಾರೆ, ಅಥವಾ ತೂಕ ಏರುವುದಕ್ಕೆ ವಿಪರೀತ ಹೆದರುತ್ತಾರೆ. ತಮಗೆ ಕಾಯಿಲೆ ಇದೆ ಅಂತ ಒಪ್ಪುವುದಿಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಪಟ್ಟಿಯಲ್ಲಿ ಇದೂ ಒಂದು. ಈ ಕಾಯಿಲೆಗೆ ಸರಿಯಾದ ಹೆಸರು ಸಿಗುವ ಮೊದಲು ಶತಮಾನಗಳ ಕಾಲ ಜನ ಅದಕ್ಕೆ ತಪ್ಪು ಹೆಸರು ಕೊಡುತ್ತಾ ಬಂದರು. ಆ ಕಥೆಯನ್ನು ಈ ಸಲ ಹೇಳುತ್ತೇವೆ. ಅದು ದೂರದ ದೇಶಗಳ ಕಥೆ. ಆದರೆ ಅವರು ಮಾಡಿದ ತಪ್ಪನ್ನೇ ನಾವು ಇಂದೂ ಮಾಡುತ್ತಿದ್ದೇವೆ.

ಬರ ಗೊತ್ತು, ವ್ರತ ಗೊತ್ತು

ಹಸಿವು ಅಂದರೇನು ಅಂತ ಧಾರವಾಡ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1791-92ರ ಬರಕ್ಕೆ ಹಿರಿಯರು ಡೋಗಿ ಬರ ಅಂದರು. ಮಣ್ಣು ಮಾಡುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರು ಅದು. 1876ರಿಂದ 1878ರವರೆಗಿನ ಬರದಲ್ಲಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯೂ ನರಳಿತು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ 1 ಪೌಂಡ್ ಕಾಳು, ಮೇಲೆ ಚಿಲ್ಲರೆ ಕಾಸು ಸಾಕು ಅಂತ ಸರ್ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ ಲೆಕ್ಕ ಹಾಕಿದ್ದು ಆಗಲೇ. 1 ಪೌಂಡ್ ಅಂದರೆ ಅರ್ಧ ಕಿಲೋಗಿಂತ ಕಡಿಮೆ.

ಬರದ ಹಸಿವಿನಂತೆ ಬೇಕೆಂದೇ ಮಾಡುವ ಉಪವಾಸವೂ ನಮಗೆ ಗೊತ್ತು. ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ, ರಂಜಾನಿನ ರೋಜಾ, ಜೈನರ ಪರ್ಯುಷಣದ ಉಪವಾಸ ಇವೆಲ್ಲ ನಮ್ಮ ಓಣಿಗಳಲ್ಲೇ ನಡೆಯುತ್ತವೆ. ಮಹದಾಯಿ, ಕಳಸಾ-ಬಂಡೂರಿ ನೀರಿಗಾಗಿ ನಡೆದ ಹೋರಾಟದಿಂದಾಗಿ ಧರಣಿ, ಉಪವಾಸ ಅನ್ನುವ ಮಾತು ನಮ್ಮ ರೈತರ ಮನೆಮಾತಾಗಿದೆ.

ಈ ಎಲ್ಲ ಉಪವಾಸಗಳಿಗೂ ಒಂದು ಕಾರಣ ಇದೆ, ಒಂದು ಕೊನೆ ಇದೆ. ಸೂರ್ಯ ಮುಳುಗಿದರೆ ರೋಜಾ ಬಿಡುತ್ತಾರೆ. ದ್ವಾದಶಿ ಬೆಳಿಗ್ಗೆ ಪಾರಣೆ. ಹೋರಾಟದ ಉಪವಾಸ ಎಳನೀರು ಕುಡಿದು ಮುಗಿಯುತ್ತದೆ. ನಾವು ಹೇಳುತ್ತಿರುವ ಕಾಯಿಲೆಗೆ ಪಾರಣೆಯ ದಿನವೇ ಇಲ್ಲ. ಶುರು ಮಾಡಿದವರಿಗೂ ಅದನ್ನು ನಿಲ್ಲಿಸಲು ಬರುವುದಿಲ್ಲ. ವ್ರತಕ್ಕೂ ಕಾಯಿಲೆಗೂ ಇರುವ ದೊಡ್ಡ ವ್ಯತ್ಯಾಸ ಇದು.

ಮನಸ್ಸು ಕೆಟ್ಟರೆ ಊಟ ಸೇರುವುದಿಲ್ಲ ಅನ್ನುವುದು ನಮ್ಮ ಹಳೆಯ ವೈದ್ಯರಿಗೂ ಗೊತ್ತಿತ್ತು. ಚರಕ ಸಂಹಿತೆಯಲ್ಲಿ ಅರೋಚಕ, ಅಂದರೆ ಅನ್ನ ರುಚಿಸದಿರುವ ರೋಗದ ವಿವರಣೆ ಇದೆ. ಅದರಲ್ಲಿ ಐದು ವಿಧ. ನಾಲ್ಕು ವಾತ, ಪಿತ್ತ, ಕಫದಿಂದ ಮತ್ತು ಮೂರೂ ಕೂಡಿ ಬರುವಂಥವು. ಐದನೆಯದು ದುಃಖ, ಭಯ, ಸಿಟ್ಟು ಮುಂತಾದವುಗಳಿಂದ, ಮನಸ್ಸಿನಿಂದ ಬರುವಂಥದ್ದು. ಅರೋಚಕವೇ ಅನೊರೆಕ್ಸಿಯಾ ಅಂತ ಹೇಳಲು ಬರುವುದಿಲ್ಲ. ಆದರೆ ಹೊಟ್ಟೆಯ ತೊಂದರೆಗೆ ಮನಸ್ಸಿನಲ್ಲೂ ಬೇರು ಇರಬಹುದು ಅನ್ನುವ ಮಾತು ನಮಗೆ ಹೊಸದಲ್ಲ.

ದೇವರ ಹೆಸರು, ಕ್ಷಯದ ಹೆಸರು

ಯುರೋಪಿನಲ್ಲಿ ಇಂಥ ಹುಡುಗಿಯರಿಗೆ ಮೊದಲು ಸಿಕ್ಕಿದ್ದು ದೇವರ ಹೆಸರು. ಇಟಲಿಯ ಸಿಯೆನಾ ಊರಿನಲ್ಲಿ 1347ರಲ್ಲಿ ಹುಟ್ಟಿದ ಕ್ಯಾಥರಿನ್ ಚಿಕ್ಕಂದಿನಿಂದಲೇ ದೇವರ ಹಾದಿ ಹಿಡಿದವಳು. ಬರಬರುತ್ತಾ ಊಟ ಬಿಟ್ಟಳು. ಒತ್ತಾಯಕ್ಕೆ ತಿಂದರೂ ವಾಂತಿ ಮಾಡಿಕೊಳ್ಳುತ್ತಿದ್ದಳು. ಚರ್ಚಿನ ಹಿರಿಯರೇ ಊಟ ಮಾಡು ಅಂದಾಗ, ತನಗೆ ಆಗುತ್ತಿಲ್ಲ, ಇದು ತನ್ನೊಳಗಿನ ಬೇನೆ ಅನ್ನುವ ಅರ್ಥದ ಮಾತು ಹೇಳಿದಳು. 1380ರಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡಳು. ಮುಂದೆ ಚರ್ಚು ಅವಳನ್ನು ಸಂತಳೆಂದು ಸಾರಿತು. ಆರು ನೂರು ವರ್ಷಗಳ ಹಿಂದಿನವರಿಗೆ ಇಂಥ ಕಾಯಿಲೆ ಇತ್ತು ಅಂತ ಇಂದು ಯಾರೂ ಖಚಿತವಾಗಿ ಹೇಳಲಾರರು. ಇತಿಹಾಸಕಾರರಲ್ಲೇ ಈ ಬಗ್ಗೆ ವಾದ ಇದೆ. ಒಂದು ಮಾತು ಮಾತ್ರ ನಿಜ. ಅವಳು ತನಗೆ ಆಗುತ್ತಿಲ್ಲ ಅಂದದ್ದಕ್ಕಿಂತ ಅವಳ ಉಪವಾಸವೇ ಜನರ ನೆನಪಿನಲ್ಲಿ ಹೆಚ್ಚು ಉಳಿಯಿತು.

ನಮ್ಮ ನಾಡಿನ ಕಥೆಯೊಂದು ಇದಕ್ಕೆ ವಿರುದ್ಧವಾಗಿದೆ. ಬುದ್ಧನಾಗುವ ಮೊದಲು ಸಿದ್ಧಾರ್ಥ ಬೆನ್ನಿಗೆ ಹೊಟ್ಟೆ ಹತ್ತುವಂತೆ ಉಪವಾಸ ಮಾಡಿದ. ಕೊನೆಗೆ ಇದು ದಾರಿಯಲ್ಲ ಅಂತ ತಿಳಿದು ಸುಜಾತೆ ಕೊಟ್ಟ ಪಾಯಸ ಉಂಡ. ಉಪವಾಸ ಮಾಡಲು ಅವನಿಗೆ ಬರುತ್ತಿತ್ತು, ಬಿಡಲೂ ಬಂತು. ಕಾಯಿಲೆ ಬಂದವರಿಗೆ ಬಿಡಲು ಬರುವುದಿಲ್ಲ.

ಮುಂದಿನ ಹೆಸರು ಕ್ಷಯ. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯರೋಗದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಇಬ್ಬರು ರೋಗಿಗಳ ಕಥೆ ಬೇರೆಯವರಂತಿಲ್ಲ. ಒಬ್ಬಳು 18 ವರ್ಷದ ಹುಡುಗಿ. 1684ರಲ್ಲಿ ಅವಳ ಮುಟ್ಟು ನಿಂತಿತು, ಊಟ ಸೇರದಾಯಿತು, ಹಗಲುರಾತ್ರಿ ಓದುತ್ತಾ ಕೂರುತ್ತಿದ್ದಳು. ಜ್ವರ ಇಲ್ಲ, ಕೆಮ್ಮು ಇಲ್ಲ, ಆದರೂ ಎಲುಬಿಗೆ ಚರ್ಮ ಹೊದಿಸಿದಂತಾದಳು. ಅಷ್ಟು ಸೊರಗಿದ ಜೀವವನ್ನು ತನ್ನ ವೃತ್ತಿಯಲ್ಲೇ ಕಂಡಿರಲಿಲ್ಲ ಅಂತ ಆ ವೈದ್ಯ ಬರೆದಿದ್ದಾನೆ. ಔಷಧಿ ಸಾಕು ಅಂತ ಅವಳು ಬಿಟ್ಟುಬಿಟ್ಟಳು. ಮೂರು ತಿಂಗಳಲ್ಲಿ ಮೂರ್ಛೆ ಹೋಗಿ ತೀರಿಕೊಂಡಳು.

ಇನ್ನೊಬ್ಬ 16 ವರ್ಷದ ಹುಡುಗ. ಅವನಿಗೆ ಓದು ನಿಲ್ಲಿಸಿ, ಹಳ್ಳಿಯ ಗಾಳಿಗೆ ಹೋಗಿ, ಹಾಲು ಕುಡಿದು, ಕುದುರೆ ಸವಾರಿ ಮಾಡು ಅಂದ. ಹುಡುಗ ಬಹುಮಟ್ಟಿಗೆ ಚೇತರಿಸಿಕೊಂಡ. ಇದು ಹುಡುಗಿಯರಿಗೆ ಮಾತ್ರ ಬರುವ ಕಾಯಿಲೆ ಅಂತ ಈಗಲೂ ಅನೇಕರು ತಿಳಿದಿದ್ದಾರೆ. 300 ವರ್ಷಗಳಿಗೂ ಹಿಂದಿನ ಆ ಪುಸ್ತಕದಲ್ಲೇ ಗಂಡು ಹುಡುಗನ ಕಥೆ ಇದೆ. ಮಾರ್ಟನ್ ಇದಕ್ಕೆ ನರಗಳಿಂದ ಬರುವ ಕ್ಷಯ ಅಂತ ಹೆಸರಿಟ್ಟ. ಕಾರಣ ಶ್ವಾಸಕೋಶದಲ್ಲಿಲ್ಲ, ಮನಸ್ಸಿನ ಚಿಂತೆಯಲ್ಲಿದೆ ಅನ್ನುವುದು ಅವನಿಗೆ ಹೊಳೆದಿತ್ತು. ಆದರೆ ಆ ಮಾತು ಪುಸ್ತಕದಲ್ಲೇ ಉಳಿಯಿತು.

ಒಕ್ಕಲುಮನೆಯ ಪವಾಡ

ಈ ಇತಿಹಾಸದಲ್ಲಿ ಹಳ್ಳಿಯ ಓದುಗರು ಮರೆಯಬಾರದ ಕಥೆ ಸಾರಾ ಜೇಕಬ್‌ಳದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಮಾರ್ಥನ್‌ಶೈರ್‌ನ ಒಂದು ಒಕ್ಕಲುಮನೆಯ ಹುಡುಗಿ ಅವಳು. ಕಾಯಿಲೆಯಿಂದ ಹಾಸಿಗೆ ಹಿಡಿದವಳು ಊಟ ಬಿಟ್ಟಳು. 1867ರ ಅಕ್ಟೋಬರ್‌ನಿಂದ ಮಗಳು ಏನೂ ತಿಂದಿಲ್ಲ, ಆದರೂ ಬದುಕಿದ್ದಾಳೆ ಅಂತ ಅಪ್ಪ ಅಮ್ಮ ಹೇಳತೊಡಗಿದರು. ಊರ ಪಾದ್ರಿ ಪತ್ರಿಕೆಗೆ ಪತ್ರ ಬರೆದ. ಪತ್ರಿಕೆಯಲ್ಲಿ ಬಂದ ಮೇಲೆ ಕೇಳಬೇಕೇ? ರೈಲು ಹತ್ತಿ ಜನ ಬಂದರು. ಹೂವು, ರಿಬ್ಬನ್ನು ಮುಡಿಸಿ ಮಲಗಿಸಿದ್ದ ಮಗುವನ್ನು ನೋಡಿ ಕೈಗೆ ಕಾಸು ಇಟ್ಟು ಹೋದರು.

ನಿಜವೋ ಸುಳ್ಳೋ ನೋಡೋಣ ಅಂತ 1869ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ನಾಲ್ವರು ನರ್ಸುಗಳನ್ನು ಕರೆಸಿದರು. ಯಾರೂ ಕದ್ದು ಊಟ ಕೊಡದಂತೆ ಹಗಲುರಾತ್ರಿ ಕಾಯುವುದು ಅವರ ಕೆಲಸ. ಊಟ ಕೊಡುವುದು ಅವರ ಕೆಲಸವಾಗಿರಲಿಲ್ಲ, ಅವಳೇ ಕೇಳಿದರೆ ಮಾತ್ರ ಕೊಡಬೇಕಿತ್ತು. ಅವಳು ಕೇಳಲಿಲ್ಲ. ಅಪ್ಪ ಅಮ್ಮ ಕಾವಲು ನಿಲ್ಲಿಸಲು ಒಪ್ಪಲಿಲ್ಲ. ಡಿಸೆಂಬರ್ 9ಕ್ಕೆ ಶುರುವಾದ ಕಾವಲು 17ಕ್ಕೆ ಮುಗಿಯಿತು. ಅಂದು ಸಾರಾ ಸತ್ತಳು. ಅವಳಿಗೆ 12 ವರ್ಷ. ಕೋರ್ಟು ತಂದೆಗೆ 12 ತಿಂಗಳು, ತಾಯಿಗೆ 6 ತಿಂಗಳು ಶಿಕ್ಷೆ ಕೊಟ್ಟಿತು. ಕಾವಲು ಏರ್ಪಡಿಸಿದ ವೈದ್ಯರಿಗೆ ಏನೂ ಆಗಲಿಲ್ಲ. ಸುದ್ದಿ ಬರೆದವರಿಗೂ ಏನೂ ಆಗಲಿಲ್ಲ.

ಎಂಟು ದಿನ ಅಷ್ಟೊಂದು ಜನ ಒಂದು ಮಗು ಸಾಯುವುದನ್ನು ನೋಡುತ್ತಾ ಕುಳಿತಿದ್ದರು. ಅವರ ಮುಂದಿದ್ದ ಪ್ರಶ್ನೆ ಪವಾಡ ನಿಜವೋ ಸುಳ್ಳೋ ಅನ್ನುವುದಷ್ಟೇ. ಮಗು ಯಾಕೆ ಉಣ್ಣುತ್ತಿಲ್ಲ ಅಂತ ಕೇಳಲು ಯಾರಿಗೂ ತೋಚಲಿಲ್ಲ.

ಇದು 150 ವರ್ಷ ಹಳೆಯ ಕಥೆ ಅಂತ ನಾವು ಸುಮ್ಮನಾಗುವಂತಿಲ್ಲ. 2016ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲಿ 13 ವರ್ಷದ ಹುಡುಗಿಯೊಬ್ಬಳು 68 ದಿನಗಳ ಉಪವಾಸದ ಬಳಿಕ ತೀರಿಕೊಂಡಳು. ಆ ಮಗುವಿಗೆ ಈ ಕಾಯಿಲೆ ಇತ್ತು ಅಂತ ನಾವು ಹೇಳುತ್ತಿಲ್ಲ. ಅದು ವ್ರತ. ಆದರೆ ಮಗುವೊಂದು ದಿನಗಟ್ಟಲೆ ಊಟ ಬಿಟ್ಟಾಗ ಸುತ್ತ ನಿಂತ ದೊಡ್ಡವರು ಮೊದಲು ಏನು ನೋಡಬೇಕು ಅನ್ನುವ ಪ್ರಶ್ನೆ ಎರಡೂ ಕಡೆ ಒಂದೇ.

1873: ಹೆಸರು ಸಿಕ್ಕ ವರ್ಷ

ಸಾರಾ ಸತ್ತ ನಾಲ್ಕು ವರ್ಷಕ್ಕೆ, 1873ರಲ್ಲಿ, ಒಬ್ಬರಿಗೊಬ್ಬರು ಕೇಳಿಕೊಳ್ಳದೆಯೇ ಇಬ್ಬರು ವೈದ್ಯರು ಒಂದೇ ಕಾಯಿಲೆಯ ಬಗ್ಗೆ ಬರೆದರು. ಪ್ಯಾರಿಸ್ಸಿನಲ್ಲಿ ಶಾರ್ಲ್ ಲಾಸೆಗ್, ಲಂಡನ್ನಿನಲ್ಲಿ ವಿಲಿಯಂ ಗಲ್. ಗಲ್ ಕೆಲಸ ಮಾಡಿದ್ದು ಆ ನರ್ಸುಗಳು ಬಂದಿದ್ದ ಅದೇ ಗೈಸ್ ಆಸ್ಪತ್ರೆಯಲ್ಲಿ. ಅನೊರೆಕ್ಸಿಯಾ ನರ್ವೋಸಾ ಅನ್ನುವ ಹೆಸರು ಗಲ್ ಕೊಟ್ಟದ್ದು.

ಅವನ ಒಬ್ಬಳು ರೋಗಿಗೆ 17 ವರ್ಷ. 5 ಅಡಿ 5 ಅಂಗುಲ ಎತ್ತರ. 1866ರಲ್ಲಿ ಮೊದಲು ಬಂದಾಗ ತೂಕ 82 ಪೌಂಡ್, ಅಂದರೆ ಸುಮಾರು 37 ಕಿಲೋ. ಸುಮಾರು ಒಂದು ವರ್ಷದಿಂದ ಮುಟ್ಟು ನಿಂತಿತ್ತು. ನಾಡಿ ನಿಧಾನ. ಆದರೆ ಹುಡುಗಿ ಕೂತಲ್ಲಿ ಕೂರುತ್ತಿರಲಿಲ್ಲ, ಸದಾ ಓಡಾಟ. ಎದೆ, ಹೊಟ್ಟೆ ಎಲ್ಲ ತಪಾಸಿಸಿದ ಗಲ್‌ಗೆ ಬೇರೆ ರೋಗ ಸಿಗಲಿಲ್ಲ. ಹೊತ್ತುಹೊತ್ತಿಗೆ, ಹಸಿವಾಗಲಿ ಬಿಡಲಿ, ಊಟ ಕೊಡಬೇಕು ಅಂದ. ಎರಡು ವರ್ಷದಲ್ಲಿ ಅವಳ ತೂಕ 128 ಪೌಂಡ್, ಅಂದರೆ ಸುಮಾರು 58 ಕಿಲೋ ಆಯಿತು. ಹುಡುಗಿ ಉಳಿದಳು.

ಲಾಸೆಗ್ ನೋಡಿದ್ದು ಮನೆಯನ್ನು. ಮನೆಯವರ ಬಳಿ ಎರಡೇ ಉಪಾಯ, ಒಂದು ಬೇಡಿಕೊಳ್ಳುವುದು, ಇನ್ನೊಂದು ಹೆದರಿಸುವುದು, ಎರಡೂ ನಡೆಯುವುದಿಲ್ಲ ಅನ್ನುವುದು ಅವನ ಮಾತಿನ ಸಾರ. ಇದನ್ನು ಓದಿದಾಗ ನಮಗೆ ನಮ್ಮೂರಿನ ಅಡುಗೆಮನೆಯೇ ಕಣ್ಣಮುಂದೆ ಬಂತು. "ನನ್ನ ಬಂಗಾರ, ಒಂದ ತುತ್ತು ತಿನ್ನವ್ವಾ" ಅಂತ ಅವ್ವ. "ಉಣ್ಣಲಿಲ್ಲಂದ್ರ ನಾಳೆಯಿಂದ ಕಾಲೇಜು ಬಂದ್" ಅಂತ ಅಪ್ಪ.

ಹೆಸರು ಸಿಕ್ಕಿತು, ಆದರೆ ಹೆಸರಲ್ಲೇ ಒಂದು ತಪ್ಪು ಇತ್ತು. ಅನೊರೆಕ್ಸಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಹಸಿವಿಲ್ಲದಿರುವುದು. ನಿಜದಲ್ಲಿ ಬಹಳ ರೋಗಿಗಳಿಗೆ ಹಸಿವು ಆಗುತ್ತಲೇ ಇರುತ್ತದೆ. ಅವರು ಅದರ ಜೊತೆ ಗುದ್ದಾಡುತ್ತಾ ಇರುತ್ತಾರೆ. ಮತ್ತೆ 1914ರಲ್ಲಿ ಜರ್ಮನಿಯ ವೈದ್ಯ ಸಿಮಂಡ್ಸ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಳಾಗಿ ಸೊರಗಿ ಸತ್ತ ಒಬ್ಬ ಹೆಂಗಸಿನ ಬಗ್ಗೆ ಬರೆದ. ಅದಾದ ಮೇಲೆ ಹಲವು ವರ್ಷ ವೈದ್ಯರು ಈ ಹುಡುಗಿಯರದ್ದೂ ಗ್ರಂಥಿಯ ರೋಗವೇ ಇರಬೇಕು ಅಂದುಕೊಂಡು ಅದಕ್ಕೇ ಔಷಧಿ ಕೊಟ್ಟರು. ಮನಸ್ಸಿನ ಮಾತು ಮತ್ತೆ ಹಿಂದೆ ಬಿತ್ತು.

ನಮಗೆ ಕಾಡುವ ಇನ್ನೊಂದು ಲೆಕ್ಕ ಇದೆ. ಲಂಡನ್ನಿನಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಮೂರೇ ವರ್ಷಕ್ಕೆ ಧಾರವಾಡ ಸೀಮೆಯಲ್ಲಿ ಬರ ಬಿತ್ತು. ಅಲ್ಲಿ ಅನ್ನ ಇದ್ದೂ ಉಣ್ಣದವರ ಚರ್ಚೆ, ಇಲ್ಲಿ ಉಣ್ಣಲು ಅನ್ನ ಇಲ್ಲದವರ ಸಾವು. ಹಾಗಾಗಿ ಇದು ಹೊಟ್ಟೆ ತುಂಬಿದವರ ಕಾಯಿಲೆ ಅನ್ನುವ ಮಾತು ನಮ್ಮಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಹಸಿದ ದೇಹ ಎರಡೂ ಕಡೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಅದನ್ನು ತೋರಿಸಿದ್ದು ಅಮೆರಿಕದ ಒಂದು ಪ್ರಯೋಗ.

ಹಸಿವು ಮನಸ್ಸನ್ನೂ ತಿನ್ನುತ್ತದೆ

1944-45ರಲ್ಲಿ, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟ. ಬರದಲ್ಲಿ ಬಳಲಿದವರನ್ನು ಮತ್ತೆ ಬದುಕಿಸುವುದು ಹೇಗೆ ಅಂತ ತಿಳಿಯಲು ಮಾಡಿದ ಪ್ರಯೋಗ ಅದು. ಗಟ್ಟಿಮುಟ್ಟಾದ, ಮನಸ್ಸೂ ಸರಿ ಇದ್ದ ಯುವಕರು ಅವರು. ದೇಹದ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು.

ತೂಕದ ಜೊತೆ ಮನಸ್ಸೂ ಬದಲಾಯಿತು. ಹಗಲುರಾತ್ರಿ ಊಟದ್ದೇ ವಿಚಾರ. ಅಡುಗೆ ಪುಸ್ತಕ ಓದತೊಡಗಿದರು. ತಾಟನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಚೂರುಚೂರಾಗಿ ತಿಂದರು. ಗೆಳೆಯರಿಂದ ದೂರವಾದರು, ಸಿಡುಕಿದರು, ಮಂಕಾದರು. ಸದಾ ಚಳಿ. ಒಬ್ಬನಂತೂ ಕೊಡಲಿಯಿಂದ ತನ್ನ ಬೆರಳನ್ನೇ ಕತ್ತರಿಸಿಕೊಂಡ. ಊಟ ಮತ್ತೆ ಸಿಕ್ಕರೂ ತಿಂಗಳುಗಟ್ಟಲೆ ಮನಸ್ಸು ಸರಿಯಾಗಲಿಲ್ಲ.

ಅನೊರೆಕ್ಸಿಯಾ ಇರುವವರ ಮನೆಯವರು ಹೇಳುವ ಎಷ್ಟೋ ಮಾತು ಇದರಲ್ಲಿದೆ. "ತಾನು ಉಣ್ಣಂಗಿಲ್ಲ, ಎಲ್ಲಾರಿಗೂ ಮಾಡಿ ಬಡಸ್ತಾಳ." "ಯಾರ ಜೋಡೀನೂ ಮಾತಿಲ್ಲ." "ಮುಟ್ಟಿದ್ರ ಸಿಡಿಮಿಡಿ." ಅದು ಅವಳ ಗುಣ ಅಲ್ಲ, ಹಸಿದ ಮೆದುಳಿನ ಗುಣ. ಊಟ ಬಿಡಿಸುವುದು ಕಾಯಿಲೆ. ಊಟ ಬಿಟ್ಟದ್ದರಿಂದ ಮೆದುಳು ಮತ್ತಷ್ಟು ಬಿಗಿಯುತ್ತದೆ. ಬುದ್ಧಿ ಹೇಳಿದರೆ ತಲೆಗೆ ಹೋಗದಿರುವುದಕ್ಕೆ ಇದೇ ಕಾರಣ.

ದೇಹದಲ್ಲಿ ಆಗುವುದನ್ನೂ ಹೇಳಬೇಕು. ದೇಹ ಇದ್ದ ಎಣ್ಣೆಯಲ್ಲೇ ದೀಪ ಉರಿಸಲು ಬತ್ತಿ ಸಣ್ಣ ಮಾಡುತ್ತದೆ. ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ತಲೆಕೂದಲು ಉದುರುತ್ತದೆ, ಮೈಮೇಲೆ ಮಾತ್ರ ಹಸುಗೂಸಿನಂಥ ನವಿರು ಕೂದಲು ಬರುತ್ತದೆ. ಮುಟ್ಟು ನಿಲ್ಲುತ್ತದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಟೊಳ್ಳಾಗುತ್ತದೆ. ಹೊಟ್ಟೆ ಖಾಲಿಯಾಗುವುದು ತಡವಾಗಿ, ಎರಡು ತುತ್ತಿಗೇ ಉಬ್ಬರಿಸುತ್ತದೆ. ಹಾಗಾಗಿ "ಹೊಟ್ಟಿ ತುಂಬೈತಿ, ವಲ್ಲೆ" ಅನ್ನುವುದು ಎಲ್ಲ ಸಲ ಸುಳ್ಳೂ ಅಲ್ಲ. ವಾಂತಿ ಮಾಡಿಕೊಳ್ಳುವವರಲ್ಲಿ ರಕ್ತದ ಪೊಟ್ಯಾಷಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಸಾವು ಬರುವುದು ಹೀಗೆ, ಕೆಲವೊಮ್ಮೆ ನೋಡನೋಡುತ್ತಿದ್ದಂತೆ. ಆತ್ಮಹತ್ಯೆಯಿಂದ ಸಾಯುವವರೂ ಇದ್ದಾರೆ.

ಅದೇ ಯುದ್ಧ ಇನ್ನೊಂದು ಪಾಠ ಕಲಿಸಿತು. ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಬಂದ ಎಲುಬುಗೂಡಿನಂಥ ಜನರಿಗೆ ಕರುಣೆಯಿಂದ ಹೊಟ್ಟೆ ತುಂಬ ಉಣಿಸಿದಾಗ ಕೆಲವರು ಉಂಡ ಮೇಲೆ ಸತ್ತರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಅನ್ನ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ಸೋಲುತ್ತದೆ. ಹಾಗಾಗಿ ತೀರಾ ಸೊರಗಿದವರಿಗೆ ಮನೆಯಲ್ಲೇ ಹೋಳಿಗೆ ತುಪ್ಪ ತುರುಕಲು ಹೋಗಬಾರದು. ಎಷ್ಟು, ಹೇಗೆ ಶುರು ಮಾಡಬೇಕು ಅನ್ನುವುದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು.

ನಮ್ಮ ಕಡೆ ಇಲ್ಲವೇ?

ಇದು ಬಿಳಿಯರ, ಶ್ರೀಮಂತರ ಕಾಯಿಲೆ, ನಮ್ಮಲ್ಲಿಲ್ಲ ಅಂತ ಬಹಳ ಕಾಲ ವೈದ್ಯರೇ ನಂಬಿದ್ದರು. 1977ರಲ್ಲಿ ಭಾರತದ ವೈದ್ಯರು ಒಂದು ಅವಳಿ ಜೋಡಿಯಲ್ಲಿ ಈ ಕಾಯಿಲೆ ಕಂಡದ್ದನ್ನು ವರದಿ ಮಾಡಿದರು. 1995ರಲ್ಲಿ ಮತ್ತೊಂದು ವರದಿ ಬಂತು, ಐವರು ಯುವತಿಯರದ್ದು. ಊಟ ಬೇಡ ಅನ್ನುವುದು, ವಾಂತಿ, ತೂಕ ಇಳಿಯುವುದು, ಮುಟ್ಟು ನಿಲ್ಲುವುದು ಎಲ್ಲ ಇತ್ತು. ಆದರೆ ಪುಸ್ತಕದಲ್ಲಿ ಬರೆದಂತೆ ತಾವು ದಪ್ಪ ಅನ್ನುವ ಭ್ರಮೆ ಇರಲಿಲ್ಲ. ಅದಕ್ಕೇ ರೋಗ ಗುರುತಿಸುವುದು ಕಷ್ಟವಾಯಿತು. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯ 70 ರೋಗಿಗಳನ್ನು ನೋಡಿ 1993ರಲ್ಲಿ ಬರೆದದ್ದೂ ಇದೇ. ಅವರಲ್ಲಿ 41 ಮಂದಿ ದಪ್ಪಗಾಗುವ ಭಯದ ಮಾತೇ ಎತ್ತಿರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಅನ್ನುತ್ತಿದ್ದರು.

ಈ ಸಂಗತಿ ನಮ್ಮ ಊರುಗಳಿಗೆ ಮುಖ್ಯ. ನಮ್ಮ ಹುಡುಗಿ "ನಾನು ದಪ್ಪ ಆಗೇನಿ" ಅನ್ನದೇ ಇರಬಹುದು. "ಹೊಟ್ಟಿ ಉಬ್ಬರಸ್ತೈತಿ", "ವಾಕರಿಕಿ ಬರ್ತೈತಿ" ಅಂದಾಳು. ಮನೆಯವರು ಗ್ಯಾಸಿನ ಗುಳಿಗೆ ತರುತ್ತಾರೆ. ತಿಂಗಳುಗಳು ಹೋಗುತ್ತವೆ.

ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಊಟಕ್ಕೆ ಸಂಬಂಧಿಸಿದ ಮನೋರೋಗ ಇರುವ ಕನಿಷ್ಠ ಒಬ್ಬರನ್ನಾದರೂ ನೋಡಿದ್ದೇವೆ ಅಂದರು. 2018ರಲ್ಲಿ ಮೈಸೂರಿನ 1,600 ವಿದ್ಯಾರ್ಥಿಗಳ ಅಧ್ಯಯನ ಬಂತು. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ಊಟದ ಬಗ್ಗೆ ಸರಿಯಲ್ಲದ ಧೋರಣೆ ಕಂಡಿತು. ಅಷ್ಟೂ ಜನರಿಗೆ ಕಾಯಿಲೆ ಇದೆ ಅಂತ ಇದರ ಅರ್ಥ ಅಲ್ಲ, ಆದರೆ ಆ ದಾರಿ ನಮ್ಮಲ್ಲೂ ಇದೆ ಅಂತ ಅರ್ಥ.

ಹಳ್ಳಿಗೆ ಇದು ಬರಲಾರದು ಅನ್ನುವವರಿಗೆ ಫಿಜಿ ದ್ವೀಪದ ಉದಾಹರಣೆ ಇದೆ. ಮೈಕೈ ತುಂಬಿಕೊಂಡಿರುವುದೇ ಚಂದ ಅನ್ನುವ ಜನ ಅಲ್ಲಿನವರು. ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಆಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಶಾಲಾ ಹುಡುಗಿ ಒಬ್ಬಳೂ ಇರಲಿಲ್ಲ. ಮೂರು ವರ್ಷದ ಮೇಲೆ ಆನ್ ಬೆಕರ್ ಎಂಬ ಸಂಶೋಧಕಿ ಮತ್ತೆ ಕೇಳಿದಾಗ ಶೇ 11.3ರಷ್ಟು ಹುಡುಗಿಯರು ಹೌದು ಅಂದರು. ಅಲ್ಲಿಗೆ ಹೋದದ್ದು ಟಿ.ವಿ. ಮಾತ್ರ. ನಮ್ಮ ಹುಡುಗಿಯರ ಕೈಯಲ್ಲಿ ಈಗ ಫೋನು ಇದೆ.

ಹಾಗಂತ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕುವುದೂ ಇನ್ನೊಂದು ತಪ್ಪು ಹೆಸರು ಕೊಟ್ಟಂತೆ. ಫೋನು ಎಲ್ಲರ ಬಳಿ ಇದೆ, ಕಾಯಿಲೆ ಬರುವುದು ಕೆಲವರಿಗೆ. 2019ರಲ್ಲಿ ಸುಮಾರು 17,000 ರೋಗಿಗಳ ವಂಶವಾಹಿ ಪರೀಕ್ಷಿಸಿದ ಜಾಗತಿಕ ಅಧ್ಯಯನ, ಈ ಕಾಯಿಲೆಯ ಒಲವು ರಕ್ತದಲ್ಲೇ ಸ್ವಲ್ಪಮಟ್ಟಿಗೆ ಬರುತ್ತದೆ ಅಂತ ತೋರಿಸಿತು. ಅವ್ವನ ತಪ್ಪೂ ಅಲ್ಲ, ಹುಡುಗಿಯ ತಪ್ಪೂ ಅಲ್ಲ.

ನಮ್ಮ ಕಡೆ ಇದು ಕಣ್ಣಿಗೆ ಬೀಳದಿರಲು ಎರಡು ಕಾರಣ ಇವೆ ಅಂತ ನಮಗೆ ಅನಿಸುತ್ತದೆ. ಒಂದು, ಬಡಕಲು ಮೈ ಇಲ್ಲಿ ಯಾರಿಗೂ ವಿಶೇಷ ಅಲ್ಲ. ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಮನೆಮನೆಯ ಮಾತು. ಎರಡು, ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಉಣ್ಣುವುದು ಎಲ್ಲರದೂ ಆದ ಮೇಲೆ. ಗಂಡಸರಿಗೆ, ಮಕ್ಕಳಿಗೆ, ಬಂದವರಿಗೆ ಬಡಿಸಿ ಕೊನೆಗೆ ಉಣ್ಣುವವಳ ತಾಟಿನಲ್ಲಿ ಎಷ್ಟು ರೊಟ್ಟಿ ಇತ್ತು ಅಂತ ನೋಡಿದವರು ಯಾರು? ಕಡಿಮೆ ಉಂಡು ಹೆಚ್ಚು ದುಡಿಯುವ ಹುಡುಗಿಗೆ ನಾವು ಭೇಷ್ ಅನ್ನುತ್ತೇವೆ. ಗಲ್ ನೋಡಿದ ಹುಡುಗಿಯೂ ಹಾಗೇ ಒಂದು ಕ್ಷಣ ಕೂರದೆ ಓಡಾಡುತ್ತಿದ್ದಳು. ಅದು ಅವನಿಗೆ ರೋಗದ ಗುರುತಾಗಿ ಕಂಡಿತು.

ಮನೆಯವರ ಪಾತ್ರ

ಗಲ್ ಒಂದು ಮಾತು ತಪ್ಪಿದ. ಇಂಥ ರೋಗಿಯನ್ನು ನೋಡಿಕೊಳ್ಳಲು ಬಂಧುಗಳು ಸಲ್ಲದವರು ಅಂದಿದ್ದ. ನೂರು ವರ್ಷ ಆಸ್ಪತ್ರೆಗಳು ತಂದೆ ತಾಯಿಯನ್ನು ದೂರ ಇಟ್ಟವು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯವರು ಇದನ್ನು ತಿರುವಿದರು. ಚಿಕ್ಕ ವಯಸ್ಸಿನ, ಕಾಯಿಲೆ ಬಂದು ಬಹಳ ದಿನ ಆಗದ ಮಕ್ಕಳಿಗೆ, ವೈದ್ಯರ ಸಲಹೆಯಂತೆ ತಂದೆ ತಾಯಿಯೇ ಪಕ್ಕದಲ್ಲಿ ಕೂತು ಹೊತ್ತುಹೊತ್ತಿಗೆ ಉಣಿಸುವ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ ಅಂತ 1987ರಲ್ಲಿ ಪ್ರಕಟಿಸಿದರು. ಬೈಯದೆ, ಬೇಡದೆ, ಊಟವೇ ಔಷಧಿ ಅಂತ ತಿಳಿದು ಉಣಿಸುವುದು. ಒಟ್ಟಿಗೆ ಕೂತು ಉಣ್ಣುವುದು ಬಿಟ್ಟುಹೋದ ಮನೆಗಳಲ್ಲಿ ಇದನ್ನು ಮತ್ತೆ ಶುರು ಮಾಡಲು ಕಾಸು ಬೇಕಿಲ್ಲ.

ಗುಣ ಆಗುತ್ತದೆಯೇ? ಹಲವು ದಶಕಗಳ 119 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಹಾಕಿದ ಲೆಕ್ಕದಂತೆ, ಬದುಕುಳಿದವರಲ್ಲಿ ಅರ್ಧಕ್ಕೆ ಸಮೀಪ ಜನ ಪೂರ್ತಿ ಗುಣವಾಗುತ್ತಾರೆ. ಮೂರನೇ ಒಂದು ಭಾಗ ಸುಧಾರಿಸುತ್ತಾರೆ. ಐದರಲ್ಲಿ ಒಬ್ಬರಿಗೆ ಕಾಯಿಲೆ ಬಹುಕಾಲ ಉಳಿಯುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ತೂಕ, ನಾಡಿ, ರಕ್ತ ನೋಡಲಿ. ಮುಟ್ಟು ನಿಂತಿದ್ದರೆ ನಾಚದೆ ಹೇಳಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಇದೆ. ದಿನ ಕೇಳಿಕೊಂಡು ಹೋಗಿ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಅನ್ನುತ್ತಿದ್ದ ಆಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ತಲೆಸುತ್ತಿ ಬಿದ್ದರೆ, ಎದೆ ಬಡಿತ ತಪ್ಪಿದರೆ, ನೀರೂ ಬೇಡ ಅಂದರೆ ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಸಾಯುವ ಮಾತು ಬಂದರೆ, ಅಥವಾ ಏನು ಮಾಡಬೇಕು ಅಂತ ತೋಚದಿದ್ದರೆ, ಹಗಲಿರಲಿ ರಾತ್ರಿ ಇರಲಿ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಕರೆಗೆ ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಡಿಮ್ಹಾನ್ಸ್ ಅಂದಾಗ ನಮ್ಮ ಕಡೆಯ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಬ್ರಿಟಿಷರ ಕಾಲದಿಂದ ಬಂದ "ಹುಚ್ಚರ ದವಾಖಾನಿ" ಅನ್ನುವ ಹೆಸರು ಇನ್ನೂ ಬಾಯಲ್ಲಿದೆ. ಬೋರ್ಡಿನ ಮೇಲಿನ ಹೆಸರು ಬದಲಾಗಿ ವರ್ಷಗಳಾದವು, ಬಾಯಿಯ ಹೆಸರು ಬದಲಾಗಿಲ್ಲ. ಆ ಒಂದು ಹೆಸರಿಗೆ ಹೆದರಿ ಮಗಳನ್ನು ಮನೆಯಲ್ಲೇ ಉಳಿಸಿಕೊಂಡರೆ ಕಳೆದುಹೋಗುವುದು ಮರ್ಯಾದೆಯಲ್ಲ, ಮಗಳು.

ಕೊನೆಗೆ ನಮ್ಮ ಬಗ್ಗೆ ಒಂದು ಮಾತು. ಸಾರಾ ಜೇಕಬ್ ಮನೆಗೆ ಜನ ಬಂದದ್ದು ಪತ್ರಿಕೆಯಲ್ಲಿ ಓದಿ. ಅನ್ನ ಬಿಟ್ಟು ಬದುಕಿದ ಪವಾಡದ ಸುದ್ದಿ ಅಂದರೆ ಇಂದಿಗೂ ನಮ್ಮಂಥ ಸುದ್ದಿಗಾರರು ಗಾಡಿ ಹತ್ತುತ್ತೇವೆ. ಇನ್ನು ಮುಂದೆ ಅಂಥ ಕರೆ ಬಂದರೆ ನಾವು ಕ್ಯಾಮೆರಾ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಈ ಮಗುವನ್ನು ವೈದ್ಯರು ನೋಡಿದ್ದಾರೆಯೇ? ನಿಮ್ಮ ಓಣಿಯಲ್ಲಿ ಅಂಥ ಮಗು ಇದ್ದರೆ ನೀವೂ ಮೊದಲು ಅದನ್ನೇ ಕೇಳಿ.